ಪ್ಲಗ್ಗಿನ ಬಣ್ಣ

ದನದಾಸ್ಪತ್ರೆಯ ಕಂಪೌಂಡರ್ ಬೋಪಣ್ಣ
ಲಸಿಕೆಯ ಐಸುಪೆಟ್ಟಿಗೆ ಕಟ್ಟಿ ಊರೂರು ತಿರುಗಿದ ಗಾಡಿ.
ಅರವತ್ತು ಸಿಸಿ, ಮೂರೇ ಗೇರು.
ಕೋಳಿಗೂಡಿನ ಹಿಂದಿನಿಂದ ಎಳೆದು ತಂದಾಗ
ಸೈಲೆನ್ಸರಿನೊಳಗೆ ಕಣಜ ಗೂಡು ಕಟ್ಟಿತ್ತು.

ಗೋಣಿಕೊಪ್ಪದ ಶೆಡ್ಡಿನಲ್ಲಿ ಮೊಯ್ದು
ಮೊದಲು ಬಿಚ್ಚಿದ್ದು ಇಂಜಿನ್ನಲ್ಲ, ಭಾರ:
ಕ್ಯಾರಿಯರು, ಹಾರನ್ನು, ಮಡ್‌ಗಾರ್ಡು,
ಹಿಂದೆ ಕೂರುವವರ ಫುಟ್‌ರೆಸ್ಟು.
ಉಳಿದ ತಗಡಿಗೆ ತೂತು ಕೊರೆದ
ನೂಪುಟ್ಟಿನ ಒರಳಿನ ಬಿಲ್ಲೆಯ ಹಾಗೆ.

ಬಿಚ್ಚಿದ್ದೆಲ್ಲ ಗೋಣಿಗೆ ತುಂಬಿ
ನಮ್ಮ ಕಾಫಿ ವರ್ಕ್ಸಿನ ತಕ್ಕಡಿಗಿಟ್ಟೆ: ಹನ್ನೊಂದು ಕಿಲೋ ಮುನ್ನೂರು.
ಅದೇ ತಕ್ಕಡಿಯ ಮೇಲೆ ಹೆಲ್ಮೆಟ್ಟು ಬೂಟಿನ ಸಮೇತ
ಅಕ್ಕನ ಮಗಳು ದೇಚಿ: ನಲವತ್ತೊಂಬತ್ತು.
ರೇಸು ಮುಗಿಯುವ ತನಕ ಮದುವೆಯೂಟ ಬೇಡ, ಅಂದ ಮೊಯ್ದು.
ಈ ತಿಂಗಳಲ್ಲಿ ಆರು ಮದುವೆ ಇವೆ, ಅಂದಳು ಅವಳು.

ಕೈಕೇರಿಯಲ್ಲಿ ಕೊಯ್ಲು ಮುಗಿದ ಗದ್ದೆ,
ಕೂಳೆಯ ಮೇಲೆ ಮಂಜು, ಬದುವಿನ ಮೇಲೆ ನಾವು.
ಶಾಲೆಯಿಂದ ಕಾಡಿ ಬೇಡಿ ತಂದ ಸ್ಟಾಪ್‌ವಾಚು.
ಮೊಯ್ದು ಹೇಳಿಕೊಟ್ಟ:
ಆಕ್ಸಿಲರೇಟರ್ ಪೂರ್ತಿ ತಿರುವು. ಗದ್ದೆ ಮುಗಿಯುವ ಮೊದಲು
ಕ್ಲಚ್ ಹಿಡಿ, ಅದೇ ಗಳಿಗೆಗೆ ಇಂಜಿನ್ ಆರಿಸು, ಸುಮ್ಮನೆ ಜಾರಿ ಬಾ.
ಹಾಗೆ ಜಾರಿ ಬರುವ ಮೂವತ್ತು ಗಜ
ಚೈನಿನ ಕಿಣಿಕಿಣಿ ಬಿಟ್ಟರೆ ಸದ್ದಿಲ್ಲ.
ಗಾಡಿಗಿಂತ ಮುಂಚೆ ಹೊಗೆಯ ವಾಸನೆ ಬದು ಮುಟ್ಟುತ್ತದೆ.

ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ನನಗೇ ಕೊಡುತ್ತಾನೆ:
ಇಪ್ಪತ್ತೆರಡು ವರ್ಷ ಬೀಜ ಹುರಿದ ಕಣ್ಣು, ನೀವೇ ಹೇಳಿ.
ಮೊದಲ ದಿನ ಬಿಳಿಚು, ಪಾರ್ಚ್‌ಮೆಂಟಿನ ಬಿಳಿಚು.
ಹಸಿದಿದೆ, ಜೆಟ್ ದೊಡ್ಡದಾಗಲಿ.
ಎರಡನೇ ದಿನ ಒದ್ದೆ, ಕಪ್ಪು,
ಡ್ರಮ್ಮಿನಲ್ಲಿ ಮರೆತುಹೋದ ರೊಬಸ್ಟಾ.

ಮೂರನೇ ದಿನ ನಾನು ಎಣ್ಣೆ ಮರೆತೆ.
ಪೆಟ್ರೋಲಿಗೆ ಎಣ್ಣೆ ಬೆರೆಸುವುದು, ನನಗಿದ್ದ ಕೆಲಸ ಅದೊಂದೇ.
ಏನು ಯೋಚಿಸುತ್ತಿದ್ದೆನೋ, ನೆನಪಿಲ್ಲ.
ಗದ್ದೆಯ ನಡುವೆ ಹಿಂದಿನ ಚಕ್ರ ಕಚ್ಚಿಕೊಂಡಿತು.
ಕೂಳೆಯ ಮೇಲೆ ಮೊಣಕೈ ಉಜ್ಜಿಕೊಂಡು ಬಿದ್ದವಳು
ಎದ್ದು ನೋಡಿದ್ದು ಗಾಡಿಯನ್ನು.
ಬ್ರೇಕ್ ತುಳಿದೆ ಅನಿಸುತ್ತೆ, ನನ್ನದೇ ತಪ್ಪು, ಅಂದಳು.

ಮೊಯ್ದು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ,
ಬೆರಳು ಅದ್ದಿ ಹೆಬ್ಬೆರಳಿಗೆ ತಿಕ್ಕಿದ.
ಜಿಡ್ಡಿಲ್ಲ.
ನನ್ನ ಕಡೆ ನೋಡಲಿಲ್ಲ.

ಆ ರಾತ್ರಿ ಪಿಸ್ಟನ್ನಿನ ಗೀರುಗಳನ್ನು
ಎಮರಿ ಕಾಗದದಲ್ಲಿ ಅವನು ನಯಮಾಡುತ್ತಿದ್ದರೆ
ನಾನು ಬಲ್ಬು ಹಿಡಿದು ನಿಂತಿದ್ದೆ.
ಹೊರಡುವಾಗ ಅಂಗೈಗೆ ಏನೋ ಇಟ್ಟ:
ಮಗನ ಕೆಮ್ಮಿನ ಔಷಧಿಯ ಅಳತೆ ಮುಚ್ಚಳ,
ಸ್ಕ್ರೂಡ್ರೈವರಿನ ತುದಿಯಲ್ಲಿ ಗೆರೆ ಎಳೆದದ್ದು.
ಲೀಟರಿಗೆ ಎಷ್ಟು ಸಲ ಎಂದು ಮಾತ್ರ ಹೇಳಿದ.

ನಾಲ್ಕನೇ ದಿನ ಬದುವಿನ ಮೇಲೆ ಬೋಪಣ್ಣನ ಹೆಂಡತಿ ಬೊಳ್ಳವ್ವ.
ಬೋಳಾದ ಗಾಡಿಯ ಹಿಂಭಾಗವನ್ನೇ ನೋಡಿದರು,
ತಮ್ಮ ಕಾಲಿಡುತ್ತಿದ್ದ ಜಾಗವನ್ನು.
ನಾನು ಕೂತಾಗ ಇಷ್ಟು ಓಡುತ್ತಿರಲಿಲ್ಲ, ಅಂದರು.
ಆಮೇಲೆ, ಮೆಲ್ಲ ಹೋಗಿ ಅಂತ ನಾನೇ ಹೇಳುತ್ತಿದ್ದೆ.

ಗ್ಲೌಸು ಹಾಕಿಕೊಳ್ಳುತ್ತಿದ್ದ ದೇಚಿಗೆ ಹೇಳಿಬಿಟ್ಟೆ:
ಅವತ್ತು ಬ್ರೇಕಲ್ಲ. ನಾನು.
ಗೊತ್ತು ಮಾವ, ಅಂದಳು.
ಎತ್ತಿ ಕೂರಿಸಿದಾಗ ನಿಮ್ಮ ಕೈಯಲ್ಲಿ ಎಣ್ಣೆಯ ವಾಸನೆ ಇರಲಿಲ್ಲ.

ಭಾನುವಾರದ ರೇಸಿನಲ್ಲಿ ನೂರು ಸಿಸಿಯವೇ ಒಂಬತ್ತು.
ನಮ್ಮದು ಕೊನೆಗೆ ಬಂದರೂ ಬರಬಹುದು;
ಮೊಯ್ದು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ,
ಸ್ಟಾಪ್‌ವಾಚನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ.

ಮತ್ತೆ ಆ ಮೂವತ್ತು ಗಜ.
ಕಿಣಿಕಿಣಿ, ಹೊಗೆ, ಆಮೇಲೆ ಅವಳು.
ಬಟ್ಟೆ ಬಿಡಿಸಿದರೆ
ಎರಡನೇ ಚಟಪಟಕ್ಕೆ ಇನ್ನೇನು ಗಳಿಗೆ ಇರುವಾಗ
ಬೀಜ ಕೆಳಗಿಳಿಸುತ್ತೇನಲ್ಲ, ಆ ಬಣ್ಣ.

ಬೊಳ್ಳವ್ವನಿಗೂ ತೋರಿಸಿದೆ.
ಮೂಗಿನ ಹತ್ತಿರ ಹಿಡಿದು ನೋಡಿ
ಇದು ಕುಡಿಯಲಿಕ್ಕಾ, ಅಂದರು.